ನದರಿಗೆ ತಿಳಿಯದ ಭಾಷೆ

ಆ ಕಾಲದಲ್ಲಿ ಬಾದಾಮಿ ಸ್ಟೇಶನ್ನಿನಲ್ಲಿ ಇಳಿದವರ ಕಿವಿಗೆ ಮೊದಲು ಬೀಳುತ್ತಿದ್ದದ್ದು ಜರ್ಮನ್ ಭಾಷೆ. ಗಾಡಿ ಇನ್ನೂ ಕಾಣಿಸುವ ಮೊದಲೇ, ಹಳಿಯ ತುದಿಯಲ್ಲಿ ಹೊಗೆ ಎದ್ದ ಕೂಡಲೇ, ಟಾಂಗಾ ನಿಲ್ಲುವ ಬೇವಿನ ಮರದ ಕಡೆಯಿಂದ ಒಂದು ಕೂಗು ಏಳುತ್ತಿತ್ತು: "ನಾ ಎಂಟ್ಲಿಶ್!" ಅಂತೂ ಬಂತಪ್ಪ ಎಂದು ಅದರ ಅರ್ಥ. ಗಾಡಿ ಹೊತ್ತಿಗೆ ಸರಿಯಾಗಿ ಬಂದ ದಿನವೂ ಆತ ಅದನ್ನೇ ಕೂಗುತ್ತಿದ್ದ.

ಹೋದ ತಿಂಗಳು ಕೆಲಸದ ಮೇಲೆ ಬಾಗಲಕೋಟೆಗೆ ಹೋದಾಗ ಅಲ್ಲಿನ ಹಳೆಯ ಹಮಾಲನೊಬ್ಬ, ಆ ಟಾಂಗಾದವ ತೀರಿಕೊಂಡ ಎಂದು ಹೇಳಿದ. ವಯಸ್ಸಾಗಿತ್ತು, ಜ್ವರ ಬಂದಿತ್ತು, ಬೇರೆ ವಿಶೇಷವಿಲ್ಲ. ಆತ ಊರಿನ ಹಿರಿಯರಲ್ಲಿ ಒಬ್ಬನಲ್ಲ, ಯಾವ ಸಭೆಯಲ್ಲೂ ಮಾತಾಡಿದವನಲ್ಲ. ಹೆಸರು ಬರೆದರೆ ಬಾದಾಮಿಯವರಿಗಷ್ಟೇ ಗೊತ್ತಾದೀತು, ಬರೆಯದಿದ್ದರೂ ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಹೆಸರನ್ನು ಬಿಟ್ಟಿದ್ದೇನೆ.

ಆಗ ನಾನು ಆ ಸ್ಟೇಶನ್ನಿನಲ್ಲಿ ತಾರಿನ ಕೆಲಸದಲ್ಲಿದ್ದೆ. ಊರು ಸ್ಟೇಶನ್ನಿನಿಂದ ದೂರ. ಬೆಳಿಗ್ಗೆ ಬರುವಾಗ, ಸಂಜೆ ಹೋಗುವಾಗ ಆತನ ಟಾಂಗಾದಲ್ಲೇ ನನ್ನ ಓಡಾಟ. ತೆಳ್ಳನೆಯ ಆಳು, ಗಡ್ಡ ಸಣ್ಣದು, ತಲೆಗೆ ಬಣ್ಣ ಹೋದ ಹಸಿರು ರುಮಾಲು. ಸುಮ್ಮನೆ ಕೂಡುವುದು ಆತನಿಗೆ ಗೊತ್ತಿರಲಿಲ್ಲ. ಗಾಡಿ ಬರುವ ಹೊತ್ತಿಗೆ ಟಾಂಗಾದ ಮೇಲೆ ಎದ್ದು ನಿಂತು, ಒಂದು ಕೈಯನ್ನು ಕಣ್ಣಿಗೆ ಮರೆ ಮಾಡಿ, ಇನ್ನೊಂದು ಕೈಯಿಂದ ತೊಡೆ ಬಡಿದುಕೊಳ್ಳುತ್ತಿದ್ದ. ದಿನವೂ ಅದೇ ಗಾಡಿ, ಅದೇ ಎಂಜಿನ್ನು. ಒಮ್ಮೆ ಕೇಳಿದೆ: "ದಿನಾ ಬರೂ ಗಾಡಿಗೆ ಇಷ್ಟ್ಯಾಕೋ ಮಾರಾಯಾ?"

"ಗಾಡಿ ಅದ ಖರೆ ಮಾಸ್ತರ. ಒಳಗಿನ ಮಂದಿ ಬ್ಯಾರೆ ಅಲ್ಲೇನ್ರಿ?" ಎಂದ.

ಜರ್ಮನ್ ಆತನಿಗೆ ಬಂದದ್ದು ಮಿಶನ್ನಿನ ನರ್ಸಮ್ಮನಿಂದ. ಗುಳೇದಗುಡ್ಡದ ಕಡೆ ಅವರ ದವಾಖಾನೆ ಇತ್ತು. ವಾರಕ್ಕೊಮ್ಮೆ ರೈಲಿನಲ್ಲಿ ಬಾದಾಮಿಗೆ ಬಂದು ರೋಗಿಗಳನ್ನು ನೋಡಿ ಹೋಗುತ್ತಿದ್ದರು. ವಯಸ್ಸು ಚಿಕ್ಕದು, ಮುಖ ಬಿಸಿಲಿಗೆ ಕೆಂಪು. ಕನ್ನಡವನ್ನು ಪುಸ್ತಕದಿಂದ ಕಲಿತವರು. "ತಾವು ನಿಧಾನವಾಗಿ ಚಲಿಸಬೇಕು" ಎಂದು ಕುದುರೆಗೂ ಬಹುವಚನ ಹಚ್ಚುತ್ತಿದ್ದರು. ಆದರೆ ಬಾದಾಮಿಯ ಕೆಂಪು ಬಂಡೆಗಳು ತಿರುವಿನಲ್ಲಿ ಕಾಣಿಸಿಕೊಂಡಾಗ ಅವರ ಬಾಯಿಂದ ಪುಸ್ತಕದ ಕನ್ನಡ ಬರುತ್ತಿರಲಿಲ್ಲ. ಎರಡೂ ಕೈ ಎದೆಗೆ ಒತ್ತಿ, "ಇಶ್ ಫ್ರೋಯ್ ಮಿಶ್!" ಎನ್ನುತ್ತಿದ್ದರು.

"ಅದೇನ್ರಿ ಅಮ್ಮಾರ?" ಎಂದು ಆತ ಕೇಳಿದ. ಸಂತೋಷ ಎಂದು ಅವರು ಹೇಳಿದರು. ಆತನಿಗೆ ಸಮಾಧಾನವಾಗಲಿಲ್ಲ.

"ಇನ್ನೂ ಊರು ಮುಟ್ಟೇ ಇಲ್ಲಲ್ರೀ. ಈಗ ಎಂಥಾ ಸಂತೋಷ?"

ಅವರು, "ಮುಟ್ಟುವ ಮೊದಲಿನ ಸಂತೋಷ. ನಮ್ಮ ಊರಿನಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ," ಎಂದರು.

ಆ ದಿನದಿಂದ ಆತನ ಪಾಠ ಸುರುವಾಯಿತು. ನರ್ಸಮ್ಮ ಮಾತಿನ ನಡುವೆ ಬಿಟ್ಟದ್ದನ್ನೆಲ್ಲ ಆತ ಹೆಕ್ಕಿಕೊಳ್ಳುತ್ತಿದ್ದ. ಏನೋ ಒಂದು ಇನ್ನೇನು ಸುರುವಾಗುತ್ತದೆ ಎನ್ನುವುದಕ್ಕೆ "ಗ್ಲೈಶ್ ಗೇಟ್ಸ್ ಲೋಸ್". ಮುಂದೇನಾಗುತ್ತದೋ ನೋಡಬೇಕು ಎಂಬ ತವಕಕ್ಕೆ "ಇಶ್ ಬಿನ್ ಗೆಶ್ಪಾಂಟ್". ಇದನ್ನು ತಿಳಿಸಲು ಅವರು ಆತನ ಕೈಯಲ್ಲಿದ್ದ ಲಗಾಮನ್ನು ಹಿಡಿದು ಬಿಗಿಯಾಗಿ ಎಳೆದು ತೋರಿಸಿದರು, ಕುದುರೆ ನಿಂತುಬಿಟ್ಟಿತು. ಮಾರನೆಯ ದಿನ ಆತ ನನಗೆ ಅದನ್ನು ಹೇಳಿಕೊಟ್ಟ. ಲಗಾಮು ಎಳೆದ, ಕುದುರೆ ಮತ್ತೆ ನಿಂತಿತು. "ನೋಡ್ರಿ, ಎದಿ ಒಳಗ ಹಿಂಗ ಬಿಗೀತೈತಿ. ನಮಗೂ ಬಿಗೀತೈತಿ, ಆದ್ರ ಹೆಸರು ಇಟ್ಟಿಲ್ಲ," ಎಂದ. ತಡೆಯಲಾರದಷ್ಟು ಕಾತರ ಎನ್ನುವುದಕ್ಕೆ ಇನ್ನೊಂದು ಉದ್ದನೆಯ ಮಾತಿತ್ತು. ಅದು ಆತನ ನಾಲಿಗೆಗೆ ಒಗ್ಗಲಿಲ್ಲ. ನಡುವಿನ ಒಂದು ತುಂಡನ್ನಷ್ಟೇ ಇಟ್ಟುಕೊಂಡು "ಕೌಮ್! ಕೌಮ್!" ಎಂದು ಕುಣಿಯುತ್ತಿದ್ದ.

ಕುದುರೆಯೂ ಕಲಿಯಿತು. "ಲೋಸ್!" ಎಂದರೆ ಮಾತ್ರ ಹೊರಡುತ್ತಿತ್ತು. ಮುಂದೆ ಯುದ್ಧ ಬಂದು, ಸರಕಾರ ಜರ್ಮನರ ಮೇಲೆ ಕಣ್ಣಿಟ್ಟಾಗ, ಪೋಲೀಸನೊಬ್ಬ ಸ್ಟೇಶನ್ನಿಗೆ ಬಂದು ಎಚ್ಚರಿಕೆ ಕೊಟ್ಟ. ನಾನು ಅಲ್ಲೇ ಇದ್ದೆ.

"ಇನ್ನ ಮ್ಯಾಲ ಆ ಭಾಷಾ ನಿನ್ನ ಬಾಯಾಗ ಬರಬಾರದು. ತಿಳೀತೇನು?"

"ತಿಳೀತ್ರಿ. ನಾ ಬಿಡ್ತೇನ್ರಿ ಸಾಹೇಬ್ರ. ಕುದರಿಗಿ ಮಾತ್ರ ನೀವ ಹೇಳ್ರಿ," ಎಂದ. ಪೋಲೀಸನಿಗೆ ಊರೊಳಗೆ ಹೋಗಬೇಕಿತ್ತು. ಅದೇ ಟಾಂಗಾ ಹತ್ತಿದ. ಆತ ಬಾಯಿ ಮುಚ್ಚಿ ಕುಳಿತ. ಕುದುರೆ ಅಲುಗಲಿಲ್ಲ. ಚಾಬೂಕು ತೋರಿಸಿದರೂ ಕಿವಿ ಆಡಿಸಿತೇ ಹೊರತು ಹೆಜ್ಜೆ ಎತ್ತಲಿಲ್ಲ. ಕೊನೆಗೆ ಪೋಲೀಸನೇ ಅತ್ತ ಇತ್ತ ನೋಡಿ, ಸಣ್ಣ ದನಿಯಲ್ಲಿ "ಲೋಸ್" ಎಂದ.

ಯುದ್ಧಕ್ಕೆ ಮೊದಲಿನ ಆ ದಿನಗಳಲ್ಲೇ ಒಂದು ಸಂಗತಿ ನನ್ನ ಗಮನಕ್ಕೆ ತಡವಾಗಿ ಬಂತು. ಆತ ಕಲಿತದ್ದೆಲ್ಲ ಮುಂದೆ ಬರುವುದರ ಬಗೆಗಿನ ಮಾತು. ಜರ್ಮನ್ನಿನಲ್ಲಿ ನೀರಿಗೆ ಏನೆನ್ನುತ್ತಾರೆ, ಕುದುರೆಗೆ ಏನೆನ್ನುತ್ತಾರೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಯಾಕೆ ಕೇಳಿಕೊಳ್ಳಲಿಲ್ಲ ಎಂದೆ.

"ನೀರ ತಗೊಂಡು ಏನ್ ಮಾಡ್ಲಿ ಮಾಸ್ತರ? ನೀರು ನಮ್ಮ ಮಾತಿನ್ಯಾಗ ಕೇಳಿದ್ರೂ ಸಿಗತೈತಿ. ಇದು ಸಿಗೂದಿಲ್ಲ."

ಆಮೇಲೆ, ಟಾಂಗಾದಲ್ಲಿ ನಾವಿಬ್ಬರೇ ಇದ್ದರೂ ಒಮ್ಮೆ ಹಿಂದೆ ತಿರುಗಿ ನೋಡಿ, ವಿಷಯ ಹೇಳಿದ. ಆತನ ಎರಡು ಕೂಸು ತೀರಿಹೋಗಿದ್ದವು. ಒಂದು ಹುಟ್ಟಿ ಅಳಲೇ ಇಲ್ಲ. ಇನ್ನೊಂದು ಅತ್ತು, ಹಾಲು ಕುಡಿದು, ಕೆಲವೇ ದಿನಗಳಲ್ಲಿ ಹೋಯಿತು. ಎರಡು ಸಲವೂ ಮನೆಯವರು ಮೊದಲೇ ಹಿಗ್ಗಿದ್ದರು. ಕುಲಾಯಿ ಹೊಲಿಸಿದ್ದರು, ಹೆಸರು ಆರಿಸಿದ್ದರು. ನದರು ತಾಕಿತು, ಕೆಟ್ಟ ಕಣ್ಣು ಬಿತ್ತು ಎಂದು ಆತನ ತಾಯಿ ತೀರ್ಮಾನ ಮಾಡಿದಳು. ಈಗ ಹೆಂಡತಿ ಮತ್ತೆ ಬಸಿರಿ. ಮನೆಯಲ್ಲಿ ಆ ಮಾತನ್ನೇ ಆಡುವಂತಿಲ್ಲ. ಹಳೆಯ ಬಟ್ಟೆ ಹರಿದು ಮಡಚಿಡುವಂತಿಲ್ಲ. ತೊಟ್ಟಿಲು ಎಂಬ ಶಬ್ದ ಕೇಳಿದರೆ ತಾಯಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಮ್ಮ ಕಡೆ ಇಂಥ ಮನೆಗಳಲ್ಲಿ ಇದೇ ರೂಢಿ. ಆಗುವುದು ಆದ ಮೇಲೆ ಮಾತು. ಅಲ್ಲಿಯವರೆಗೆ ಏನೂ ಇಲ್ಲವೇನೋ ಎಂಬಂತೆ ಇರಬೇಕು.

"ಮಾಸ್ತರ, ನನ್ನ ಹೊಟ್ಟಿ ಒಡದು ಹೋಗತೈತಿ. ಯಾರ ಮುಂದ ಹೇಳ್ಲಿ? ಅದಕ್ಕ ಇದು," ಎಂದ. "ನದರಿಗಿ ಕನ್ನಡ ಬರತೈತಿ. ಉರ್ದೂ ಬರತೈತಿ, ಮರಾಠಿ ಬರತೈತಿ. ಜರ್ಮನ್ ಬರೂದಿಲ್ಲ."

"ಖರೆ ಬರೂದಿಲ್ಲೇನು?"

"ಎಲ್ಲಿ ಕಲೀಬೇಕ್ರಿ ಅದು? ನರ್ಸಮ್ಮ ನನ್ನ ಟಾಂಗಾದಾಗ ಅಲ್ಲದ ಮತ್ತೆಲ್ಲೂ ಕೂಡೂದಿಲ್ಲ."

ಹೀಗೆ ಆತ ದಿನವಿಡೀ ಜರ್ಮನ್ನಿನಲ್ಲಿ ಹಿಗ್ಗುತ್ತಿದ್ದ. ಮನೆಯಿಂದ ಹೊರಡುವಾಗ ಒಲೆಯ ಮುಂದಿನ ಹೆಂಡತಿಗೆ "ಇಶ್ ಫ್ರೋಯ್ ಮಿಶ್!" ಎಂದು ಕೂಗಿ ಬರುತ್ತಿದ್ದ. ಆ ಹೆಂಗಸು ಹುನಗುಂದದವಳು, ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಬಾದಾಮಿಯಲ್ಲೇ ಆಗಬೇಕಿತ್ತು. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳಂತೆ. ಪ್ರತಿ ಜರ್ಮನ್ ಮಾತಿನ ಬೆನ್ನಿಗೆ ಆತ ಮೆಲ್ಲಗೆ "ಇನ್ಶಾ ಅಲ್ಲಾ" ಸೇರಿಸುತ್ತಿದ್ದ. ಅದೊಂದನ್ನು ಮಾತ್ರ ಯಾವ ಭಾಷೆಗೂ ಬದಲಿಸಲಿಲ್ಲ.

ನರ್ಸಮ್ಮನಿಗೆ ಈ ಉಪಾಯ ಗೊತ್ತಾದ ದಿನ ನಾನೂ ಟಾಂಗಾದಲ್ಲಿದ್ದೆ. ಅದು ಅಲುಗಾಡುವಂತೆ ಅವರು ನಕ್ಕರು. ಬೈಯುತ್ತಾರೇನೋ ಎಂದುಕೊಂಡಿದ್ದೆ, ಮಿಶನ್ನಿನವರು ಇಂಥದ್ದನ್ನು ಒಪ್ಪುವುದಿಲ್ಲ. ಆದರೆ ಅವರು ನಗು ನಿಲ್ಲಿಸಿ, ಟಾಂಗಾದ ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, "ನಮ್ಮ ಊರಿನಲ್ಲೂ ಕಟ್ಟಿಗೆ ತಟ್ಟುತ್ತಾರೆ. ಅಲ್ಲಿಯ ನದರಿಗೆ ಜರ್ಮನ್ ಬಿಟ್ಟು ಬೇರೇನೂ ಬರುವುದಿಲ್ಲ," ಎಂದರು.

"ಹಂಗಾರ ನೀವು ಕನ್ನಡದಾಗ ಹೇಳ್ರಿ ಅಮ್ಮಾರ!"

ಅವರು ಹೇಳಿಯೂ ಹೇಳಿದರು. ಅವರ ತಂಗಿ ಹಡಗು ಹತ್ತುವವಳಿದ್ದಳು. "ನನ್ನ ತಂಗಿ ಬರುತ್ತಾಳೆ. ನನಗೆ ಬಹಳ, ಬಹಳ..." ಎಂದು ತಡೆದು ನಿಂತರು. ಆತ ಹೊಳ್ಳಿ ನೋಡಿ "ಎದಿ ಬಿಗೀತೈತಿ" ಎಂದು ಒದಗಿಸಿದ. "ಎದಿ ಬಿಗೀತೈತಿ," ಎಂದು ಅವರೂ ಅಂದರು. ಆಮೇಲೆ ಆ ದಾರಿಯುದ್ದಕ್ಕೂ ಆತ ಅವರ ಭಾಷೆಯಲ್ಲಿ ತನ್ನ ಕೂಸಿಗಾಗಿ, ಅವರು ಆತನ ಭಾಷೆಯಲ್ಲಿ ತಮ್ಮ ತಂಗಿಗಾಗಿ ಕೂಗುತ್ತಿದ್ದರು. ಎದುರಿಗೆ ಬಂದ ಎತ್ತಿನ ಗಾಡಿಯವನು ದಾರಿ ಬಿಟ್ಟು ಪಕ್ಕಕ್ಕೆ ನಿಂತದ್ದು ನನಗೆ ನೆನಪಿದೆ.

ಹೆರಿಗೆಗೆ ತಾವೇ ಬರುವುದಾಗಿ ನರ್ಸಮ್ಮ ಮಾತು ಕೊಟ್ಟಿದ್ದರು. ಅದಕ್ಕೂ ಒಂದು ಕಾರಣವಿತ್ತು. ಊರಿನ ಸೂಲಗಿತ್ತಿ ಆತನ ಓಣಿಯಲ್ಲೇ ಇದ್ದಳು. ಲಿಂಗಾಯತರ ಮುದುಕಿ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಕೆಲಸದಲ್ಲಿ ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು. ಬರುವ ಕೂಸನ್ನು ಹೊರಗಿನಿಂದಲೇ ಕರೆಯುವುದು, ಹೊಗಳುವುದು, ಬಂದ ಮೇಲೆ ಏನೇನು ಕೊಡುತ್ತೇವೆಂದು ಆಸೆ ಹಚ್ಚುವುದು ಆಕೆಯ ಕ್ರಮ. ಆತನ ಎರಡೂ ಕೂಸುಗಳಿಗೆ ಆಕೆಯೇ ಬಂದಿದ್ದಳು. ಅವಳ ನಾಲಿಗೆಯೇ ನದರನ್ನು ಕರೆದು ತಂದಿತು ಎಂದು ಆತನ ತಾಯಿ ಎಲ್ಲರ ಮುಂದೆ ಅಂದಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿರಲಿಲ್ಲ. ಸೂಲಗಿತ್ತಿ ಆತನ ಟಾಂಗಾ ಕಂಡರೆ ಮುಖ ತಿರುಗಿಸುತ್ತಿದ್ದಳು.

ನರ್ಸಮ್ಮ ತಂಗಿಯನ್ನು ಕರೆತರಲು ಮುಂಬಯಿಗೆ ಹೋದರು. ದಿನ ತುಂಬುವುದಕ್ಕೆ ಇನ್ನೂ ಸಮಯವಿದೆ, ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದಿದ್ದರು. ಅವರು ಮರಳಿ ಬರುವ ದಿನ ಆತ ಬೆಳಿಗ್ಗೆಯಿಂದಲೇ ಬೇವಿನ ಮರದ ಕೆಳಗೆ ಕುಣಿಯುತ್ತಿದ್ದ. ಕುದುರೆಯ ಕೊರಳಿಗೆ ಹೊಸ ಗೆಜ್ಜೆ ಕಟ್ಟಿದ್ದ. "ಕೌಮ್! ಕೌಮ್!" ಎಂದು ನನ್ನ ಕಿಟಕಿಗೆ ಬಂದು ಇಣುಕುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ತಂಗಿಯ ಜೊತೆಗಿರಲು ಹುನಗುಂದದಿಂದ ಬಂದಿದ್ದ ಆತನ ಹೆಂಡತಿಯ ಅಣ್ಣ ಊರ ಕಡೆಯಿಂದ ಓಡುತ್ತ ಬಂದ. ಉಸಿರು ತಿರುಗಿದ ಮೇಲೆ, "ಬ್ಯಾನಿ ಸುರು ಆಗೇತಿ," ಎಂದ.

ಅದೇ ಹೊತ್ತಿಗೆ ನನಗೆ ತಾರು ಬಂತು. ಎಂಜಿನ್ನು ಕೆಟ್ಟು ಗಾಡಿ ಬಾಗಲಕೋಟೆಯಲ್ಲೇ ನಿಂತಿತ್ತು. ಯಾವಾಗ ಹೊರಡುವುದೋ ಹೇಳಿರಲಿಲ್ಲ. ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಹಳಿಯ ತುದಿಯನ್ನು ನೋಡಿದ. ಹೊಗೆ ಇರಲಿಲ್ಲ.

"ಸೂಲಗಿತ್ತಿ ಆಯೀನ ಕರೀಬೇಕು," ಎಂದ ಕೊನೆಗೆ. "ಬರತಾಳೇನ್ರಿ ಮಾಸ್ತರ?"

ಸ್ಟೇಶನ್ ಮಾಸ್ತರರಿಗೆ ಹೇಳಿ ನಾನೂ ಟಾಂಗಾ ಹತ್ತಿದೆ. ಕುದುರೆಗೆ "ಲೋಸ್" ಎಂದು ಹೇಳುವುದನ್ನೂ ಆತ ಮರೆತಿದ್ದ. ಹೆಂಡತಿಯ ಅಣ್ಣ ಹೇಳಿದ. ದಾರಿಯಲ್ಲಿ ಹಾಗೆ ಓಡಿದ ಟಾಂಗಾವನ್ನು ನಾನು ಮುಂದೆ ಕಂಡಿಲ್ಲ.

ಸೂಲಗಿತ್ತಿ ಕಟ್ಟೆಯ ಮೇಲೆ ಅವರೆ ಬಿಡಿಸುತ್ತ ಕುಳಿತಿದ್ದಳು. ಎದ್ದೇಳಲಿಲ್ಲ.

"ಏನಪಾ ಜರ್ಮನ್ ಸಾಹೇಬ? ದಾರಿ ತಪ್ಪಿ ಬಂದಿಯೇನು?"

"ಯವ್ವಾ, ಬ್ಯಾನಿ ಸುರು ಆಗೇತಿ. ನರ್ಸಮ್ಮ ಬಂದಿಲ್ಲ. ಬಾ ಯವ್ವಾ."

"ನನ್ನ ನಾಲಿಗಿ ಕೆಟ್ಟದ್ದಲ್ಲೋ? ನಿಮ್ಮವ್ವ ಓಣಿಗೆಲ್ಲಾ ಸಾರ್ಯಾಳ."

"ಕೈ ಮುಗೀತೇನಿ. ನೀ ಸುಮ್ಮ ಬಾ. ಏನೂ ಮಾತಾಡಬ್ಯಾಡ, ಕೂಸು ಹಿಡಿ, ಅಷ್ಟ ಸಾಕು."

ಅವರೆಯ ಬುಟ್ಟಿಯನ್ನು ಆಕೆ ಪಕ್ಕಕ್ಕೆ ಸರಿಸಿದಳು. "ಅದು ಆಗೂದಿಲ್ಲ. ಬಾಯಿ ಮುಚಗೊಂಡು ನಾ ಕೂಸು ಹಿಡಿಯೂದಿಲ್ಲ. ಬರೂ ಜೀವಕ್ಕ ಬಾ ಅನ್ನಬೇಕೋ ಬ್ಯಾಡೋ? ಯಾರೂ ಕರೀದ ಮನಿಗಿ ನೀ ಹೋಗ್ತಿಯೇನು?"

"ನದರು, ಯವ್ವಾ..."

"ಯಾವ ನದರು? ಲೇ, ನೀ ಎಂಟ್ ತಿಂಗಳಿಂದ ಏನ್ ಒದರಾಕ ಹತ್ತೀದಿ ಅನ್ನೂದು ಈ ಓಣಿ ಹೆಣಮಕ್ಕಳಿಗೆಲ್ಲಾ ಗೊತ್ತೈತಿ. ಹೊಂಡದ ಮ್ಯಾಲ ಅರಿವಿ ಒಗೀಲಿಕ್ಕೆ ಹೋದ್ರ ಅದ ಮಾತು. ನಮಗ ತಿಳಿದದ್ದು ನದರಿಗಿ ತಿಳೀಲಿಲ್ಲಂತೀಯಾ? ಎಲ್ಲಾರೂ ಕೇಳ್ಯಾರ, ಎಲ್ಲಾರೂ ಹಿಗ್ಗ್ಯಾರ. ಏನಾತು ನಿನ್ನ ಹೇಣ್ತಿಗಿ? ಗುಂಡಕಲ್ಲಿನಂಗ ಅದಾಳ."

ಆತ ಕೈ ಮುಗಿದದ್ದು ಹಾಗೇ ಇತ್ತು. ಎಂಟು ತಿಂಗಳು ಮುಚ್ಚಿಟ್ಟೆನೆಂದುಕೊಂಡದ್ದು ಓಣಿಗೆಲ್ಲ ಗೊತ್ತಿತ್ತು ಎಂಬುದು ಆತನ ತಲೆಗೆ ಇಳಿಯುವುದನ್ನು ಮುಖದಲ್ಲೇ ನೋಡಬಹುದಿತ್ತು. ಮೊದಲು ಭಯ ಬಂತು. ಆಮೇಲೆ ಏನೋ ಸಡಿಲಾಯಿತು.

"ನಿನ್ನಂಗ ಮಾಡು ಯವ್ವಾ," ಎಂದ. "ನಿನಗ ಹೆಂಗ ಬೇಕೋ ಹಂಗ ಕರಿ."

ಮುದುಕಿ ಎದ್ದು ಒಳಗೆ ಕೈ ಚಾಚಿ ಗಂಟೊಂದನ್ನು ಎಳೆದಳು. ಎಣ್ಣೆ, ಹಳೆಯ ಬಟ್ಟೆ, ದಾರ ಎಲ್ಲವೂ ಕಟ್ಟಿಟ್ಟದ್ದೇ ಇತ್ತು. ಕರೆಯಲು ಬರುತ್ತಾರೆಂದು ಆಕೆಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಆತನ ತಾಯಿ ಬಾಗಿಲಲ್ಲಿ ಅಡ್ಡ ನಿಂತಳು. ಸೂಲಗಿತ್ತಿ ಆಕೆಯನ್ನು ದಾಟಿ ಒಳಗೆ ಹೋಗಿ, ಹೋದವಳೇ ಸುರು ಮಾಡಿದಳು: "ಎಲ್ಲಿದ್ದಿ ನನ್ನ ರಾಜಾ? ಎಷ್ಟ್ ಹೊತ್ತು ಕಾಯಸ್ತಿ? ನಿನ್ನ ಸಲುವಾಗಿ ಓಣಿಗ ಓಣಿ ಕುಂತೈತಿ!" ತಾಯಿ ಕಿವಿ ಮುಚ್ಚಿಕೊಂಡಳು. ಆತ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಹೊತ್ತು ಹೋಯಿತು. ಒಳಗಿನ ನರಳಿಕೆ ಹೆಚ್ಚಾಯಿತು. ಸೂಲಗಿತ್ತಿ ಬಾಗಿಲಿಗೆ ಬಂದು ಆತನನ್ನು ನೋಡಿದಳು. ಆಕೆಯ ಹಣೆಯ ಮೇಲೆ ಬೆವರಿತ್ತು.

"ಇಲ್ಲಿ ತಿರಗ್ಯಾಡಿ ನೆಲಾ ಸವಸಬ್ಯಾಡ. ನಮ್ಮ ಮನಿ ಅಟ್ಟದ ಮ್ಯಾಲ ತೊಟ್ಟಿಲೈತಿ. ನನ್ನ ಮಕ್ಕಳು ಮೊಮ್ಮಕ್ಕಳು ಎಲ್ಲಾ ಅದರಾಗ ಬೆಳದಾರ. ಹೋಗಿ ತಾ."

ತಾಯಿ ಚೀರಿದಳು. "ಈಗ? ಕೂಸು ಬರೂಕಿಂತ ಮೊದಲ ತೊಟ್ಟಿಲಾ?"

ನಮ್ಮ ಕಡೆ ಯಾವ ಮನೆಯಲ್ಲೂ ಹೀಗೆ ಮಾಡುವುದಿಲ್ಲ. ಎರಡು ಕೂಸು ಹೋದ ಮನೆಯಲ್ಲಂತೂ ಕೇಳುವುದೇ ಬೇಡ. ಆತ ನನ್ನ ಮುಖ ನೋಡಿದ. ಒಳಗಿನಿಂದ ಹೆಂಡತಿಯ ದನಿ ಬಂತು. ಸಣ್ಣ ದನಿ, ಆದರೆ ಸ್ಪಷ್ಟವಾಗಿತ್ತು: "ತರ್ರಿ."

ಸೂಲಗಿತ್ತಿಯ ಸೊಸೆ ತೊಟ್ಟಿಲನ್ನು ಇಳಿಸಿ ಕೊಟ್ಟಳು. ಕೆಂಪು ಬಣ್ಣ ಬಳಿದ ಭಾರವಾದ ಹಳೆಯ ತೊಟ್ಟಿಲು. ಅದನ್ನು ಹೊತ್ತು ತರಲು ಆ ಓಣಿಯಲ್ಲಿ ಹತ್ತು ಹೆಜ್ಜೆಯೂ ಬೇಕಿರಲಿಲ್ಲ. ಆದರೆ ಆತ ಅದನ್ನು ಟಾಂಗಾದ ಮೇಲೆ ಇಟ್ಟ. ನಾನು ಹಿಂದೆ ಹಿಡಿದು ಕುಳಿತೆ. ಕುದುರೆಯನ್ನು ಮನೆಯ ಕಡೆಗೆ ತಿರುಗಿಸದೆ ಪೇಟೆಯ ಕಡೆಗೆ ತಿರುಗಿಸಿದ.

"ಎಲ್ಲಿಗೋ?" ಎಂದೆ.

"ಕದ್ದು ಒಯ್ಯೂದಿಲ್ಲ ಮಾಸ್ತರ. ಕದ್ದು ಕಾದದ್ದು ಸಾಕಾತು."

ಇಳಿಹೊತ್ತು, ಪೇಟೆ ತೆರೆದಿತ್ತು. ಟಾಂಗಾದ ಮೇಲೆ ಖಾಲಿ ತೊಟ್ಟಿಲು ಹೋಗುವುದನ್ನು ಕಂಡು ಜನ ಅಂಗಡಿಯಿಂದ ಇಳಿದು ಬಂದರು. ಎಣ್ಣೆಯ ಅಂಗಡಿಯವನು ಮೊದಲು ಕೇಳಿದ: "ಯಾರ ಮನೀಗಿ ಲೇ ತೊಟ್ಟಿಲು?"

ಆತ ಬಾಯಿ ತೆರೆದ. ಇಶ್ ಎಂಬ ಅರ್ಧ ಉಸಿರು ಬಂದು ನಿಂತಿತು. ಆಮೇಲೆ ಟಾಂಗಾದ ಮೇಲೆ ಎದ್ದು ನಿಂತು, ಅಚ್ಚ ನಮ್ಮ ಮಾತಿನಲ್ಲಿ ಕೂಗಿದ: "ನಮ್ಮನೀಗ್ರೀ! ನನ್ನ ಕೂಸು ಬರಾಕ ಹತ್ತೈತಿ! ಇವತ್ತ ಬರತೈತಿ! ಎಲ್ಲಾರೂ ನೋಡಾಕ ಬರ್ರಿ!"

ಆಮೇಲೆ ಎಣ್ಣೆಯ ಅಂಗಡಿಯವನು ಎರಡೂ ಕೈ ಬಾಯಿಗೆ ಹಿಡಿದು, "ಇಶ್ ಫ್ರೋಯ್ ಮಿಶ್!" ಎಂದು ಒದರಿದ. ಬಳೆಗಾರ ಒದರಿದ. ಖಣದ ಅಂಗಡಿಯಲ್ಲಿ ಕುಳಿತಿದ್ದ ಇಳಕಲ್ಲಿನ ವ್ಯಾಪಾರಿ, ಏನೆಂದು ತಿಳಿಯದಿದ್ದರೂ, ಒದರಿದ. ಯಾರೋ "ಗ್ಲೈಶ್ ಗೇಟ್ಸ್ ಲೋಸ್!" ಎಂದರು, ಕುದುರೆ ಅದನ್ನು ತನಗೇ ಹೇಳಿದ್ದೆಂದು ಓಡತೊಡಗಿತು. ನಾನು ತೊಟ್ಟಿಲನ್ನು ಎರಡೂ ಕೈಯಿಂದ ಅವುಚಿ ಹಿಡಿದೆ. ಜನ ನಗುತ್ತ, ಕೂಗುತ್ತ ಹಿಂದೆ ಓಡಿಬಂದರು. ಆತ ಮುಂದೆ ನಿಂತು ಅಳುತ್ತಿದ್ದನೋ ನಗುತ್ತಿದ್ದನೋ, ಬೆನ್ನು ಮಾತ್ರ ಕಾಣುತ್ತಿದ್ದ ನನಗೆ ಹೇಳಲಾಗದು.

ಮನೆಯ ಮುಂದೆ ಟಾಂಗಾ ನಿಂತಾಗ ಒಳಗಿನಿಂದ ಸದ್ದಿರಲಿಲ್ಲ. ಜನರ ಗದ್ದಲ ತಾನಾಗಿ ಅಡಗಿತು. ಆತನ ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. ಆತ ತೊಟ್ಟಿಲಿಗೆ ಕೈ ಹಾಕಿದ, ಎತ್ತಲಾಗಲಿಲ್ಲ. ಎಣ್ಣೆಯ ಅಂಗಡಿಯವನೂ ನಾನೂ ಇಳಿಸಿ ಹೊಸ್ತಿಲ ಹತ್ತಿರ ಇಟ್ಟೆವು. ತೊಟ್ಟಿಲ ಕಾಲು ನೆಲಕ್ಕೆ ತಾಗಿದ ಸದ್ದು ಒಳಗೆ ಕೇಳಿಸಿರಬೇಕು.

"ತೊಟ್ಟಿಲಾ ಬಂತೇನೋ?" ಎಂದು ಸೂಲಗಿತ್ತಿ ಕೂಗಿದಳು.

"ಬಂತು ಯವ್ವಾ."

"ಹಂಗಾರ ನಾವೂ ಬಂದ್ವಿ, ತಗೋ!"

ಅದರ ಬೆನ್ನಿಗೇ ಅಳು ಕೇಳಿತು. ಗಟ್ಟಿ ಅಳು, ಸಿಟ್ಟಿನ ಅಳು, ಇಷ್ಟು ಹೊತ್ತು ಕಾಯಿಸಿದ್ದು ನಾವೇ ಏನೋ ಎಂಬಂತೆ.